ನಿದ್ದೆಯಮ್ಮನ ಅರ್ಧ ಮಾತುಗಳು

ಆಪರೇಷನ್ ಮಾಡಿದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆಸ್ಪತ್ರೆಯ ಗೇಟಿನ ಬಳಿ ಹಣ್ಣು ಮಾರುವವಳು ಕೂಡ "ನನ್ನ ಹೊಟ್ಟೆ ಕೊಯ್ದಿದ್ದು ದೊಡ್ಡ ಡಾಕ್ಟ್ರೇ ಕಣ್ರೀ" ಎಂದು ಬಂದವರಿಗೆಲ್ಲ ಹೇಳುತ್ತಾಳೆ, ಹೊಟ್ಟೆಗೇನೋ ಬಹುಮಾನ ಬಂದ ಹಾಗೆ. ಆದರೆ ಕೊಯ್ಯುವಾಗ ನೋವು ಗೊತ್ತಾಗದಂತೆ ಮಲಗಿಸಿದವರು ಯಾರು, ಅಷ್ಟು ಹೊತ್ತೂ ತಲೆಯ ಹತ್ತಿರ ಕೂತು ಉಸಿರನ್ನು ಕಾಯ್ದವರು ಯಾರು ಎಂದು ಕೇಳಿ ನೋಡಿ. "ಯಾರೋ ಒಬ್ಬಮ್ಮ ಇದ್ರು. ಏನೋ ಕೇಳ್ತಾ ಇದ್ರು. ಅಷ್ಟರಲ್ಲಿ ನಿದ್ದೆ ಬಂದ್ಬಿಡ್ತು" ಅನ್ನುತ್ತಾಳೆ. ಆ ಯಾರೋ ಒಬ್ಬಮ್ಮನ ಕತೆ ಇದು. ಅರಿವಳಿಕೆ ತಜ್ಞೆ ಎಂದು ಅವಳ ಕೋಣೆಯ ಬಾಗಿಲ ಮೇಲೆ ಬರೆದಿತ್ತು. ಅದನ್ನೆಲ್ಲ ಯಾರು ಹೇಳುತ್ತಾರೆ? ಆಯಾಗಳಿಂದ ಹಿಡಿದು ರೋಗಿಗಳವರೆಗೆ ಎಲ್ಲರೂ ನಿದ್ದೆಯಮ್ಮ ಎಂದೇ ಕರೆದರು, ಅದೇ ನಿಂತುಬಿಟ್ಟಿತು.

ಮಲಗಿಸುವುದಕ್ಕೆ ಅವಳದೇ ಒಂದು ರೀತಿ ಇತ್ತು. ಬೇರೆಯವರು ರೋಗಿಗೆ ಅಂಕಿ ಎಣಿಸಲು ಹೇಳುತ್ತಾರೆ. ಅವಳಿಗೆ ಅದು ಒಗ್ಗಲಿಲ್ಲ. "ಎಣಿಸ್ತಾ ಎಣಿಸ್ತಾ ಮಲಗಿದ್ರೆ ಕನಸಲ್ಲೂ ಮನೆ ಬಾಡಿಗೆಯೇ ಬರುತ್ತೆ" ಎಂದು ನಗುತ್ತಿದ್ದಳು. ಸೂಜಿ ಚುಚ್ಚಿ, ಹಾಲಿನ ಬಣ್ಣದ ಔಷಧಿ ನರದೊಳಗೆ ಇಳಿಯುತ್ತಿರುವಾಗ, ರೋಗಿಯ ಮುಖದ ಹತ್ತಿರ ಬಾಗಿ ಕೇಳುತ್ತಿದ್ದಳು: "ಈಗ ನಿಮಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ? ಹೇಳಿ, ಕರ್ಕೊಂಡು ಹೋಗ್ತೀನಿ."

ಹೆದರಿ ಕಂಗಾಲಾದವರೂ ಆ ಪ್ರಶ್ನೆಗೆ ಬಾಯಿ ಬಿಡುತ್ತಿದ್ದರು. ಒಬ್ಬ ಲಾರಿ ಡ್ರೈವರು, ಆಳೆತ್ತರದ ಮನುಷ್ಯ, ಸೂಜಿ ಕಂಡು ಮಗುವಿನಂತೆ ಕೊಸರಾಡಿದವನು, ಕಣ್ಣು ಮುಚ್ಚಿಕೊಂಡು "ನಮ್ಮ ಹಳೇ ಮನೆ ಹಿತ್ತಲಿಗೆ" ಎಂದ. "ಅಲ್ಲೊಂದು ಬಾವಿ ಇತ್ತು ಡಾಕ್ಟ್ರೇ. ಬಾವಿ ಕಟ್ಟೆ ಮೇಲೆ ನನ್ನ..." ಅಷ್ಟೇ. ನಿದ್ದೆ ಬಂದುಬಿಟ್ಟಿತು. ಎಲ್ಲರ ಮಾತೂ ಹೀಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ನಿದ್ದೆಯಮ್ಮ ಬೆರಳ ತುದಿಯಿಂದ ಅವರ ಕಣ್ಣಿನ ರೆಪ್ಪೆಗೂದಲನ್ನು ಮೆಲ್ಲಗೆ ಸವರುತ್ತಿದ್ದಳು. ರೆಪ್ಪೆ ಅಲುಗಿದರೆ ಇನ್ನೂ ಈ ಕಡೆ ಇದ್ದಾರೆ ಅಂತ ಲೆಕ್ಕ, ಅಲುಗದಿದ್ದರೆ ಆ ಕಡೆ ಹೋದರು ಅಂತ. ನಿದ್ದೆ ಮಾಡಿಸುವ ಡಾಕ್ಟರುಗಳೆಲ್ಲ ನೋಡುವುದು ಹಾಗೇ. ಆದರೆ ಇವಳಲ್ಲಿ ಇನ್ನೊಂದು ಇತ್ತು. ಆಪರೇಷನ್ ಮುಗಿದು ರೋಗಿ ಕಣ್ಣು ಬಿಡುವ ಹೊತ್ತಿಗೆ ಅದೇ ತಲೆಯ ಬಳಿ ತಾನೇ ನಿಂತಿದ್ದು ಕೇಳುತ್ತಿದ್ದಳು: "ಬಾವಿ ಕಟ್ಟೆ ಮೇಲೆ ನಿಮ್ಮ? ಏನಿತ್ತು?"

"ಚಪ್ಪಲಿ ಡಾಕ್ಟ್ರೇ" ಎಂದ ಡ್ರೈವರು ತೊದಲುತ್ತ. "ಹೊಸಾ ಚಪ್ಪಲಿ. ಬಾವಿಗೆ ಬಿದ್ದೋಯ್ತು." ಎಂದವನೇ ಆ ಚಪ್ಪಲಿಗಾಗಿ ಗೊಳೋ ಎಂದು ಅತ್ತ. ನರ್ಸುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಿದ್ದೆಯಮ್ಮ ನಗಲಿಲ್ಲ. ಅವನ ಕೈ ಹಿಡಿದುಕೊಂಡಿದ್ದಳು. ಕೆಲವರಿಗೆ ತಾವು ಏನು ಹೇಳುತ್ತಿದ್ದೆವೆಂದೇ ಮರೆತುಹೋಗಿರುತ್ತಿತ್ತು, "ನಾನ್ಯಾವಾಗ ಹಂಗಂದೆ?" ಎಂದು ಜಗಳಕ್ಕೇ ಬರುತ್ತಿದ್ದರು. ಅದಕ್ಕೂ ಅವಳಿಗೆ ಬೇಸರವಿಲ್ಲ. ಮಾತಿನ ಮಧ್ಯೆ ಎದ್ದುಹೋದ ಮನುಷ್ಯನನ್ನು ಅದೇ ಮಾತಿನ ಹತ್ತಿರ ತಂದು ಬಿಡಬೇಕು, ಇಲ್ಲದಿದ್ದರೆ ಅವನ ಒಂದು ಚೂರು ಅಲ್ಲೇ ಎಲ್ಲೋ ಕಾಯುತ್ತ ಕೂತಿರುತ್ತದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಯಾವ ಪುಸ್ತಕದಲ್ಲೂ ಇಲ್ಲದ ಈ ಮಾತನ್ನು ಹೇಳಿದರೆ ಉಳಿದ ಡಾಕ್ಟರುಗಳು ಗೇಲಿ ಮಾಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ನಿದ್ದೆಯ ಎರಡೂ ತುದಿಯಲ್ಲಿ ತಾನೇ ಇರಬೇಕೆಂದರೆ ಏನಾಗುತ್ತದೆ? ಮನೆಗೆ ಹೋಗುವುದಕ್ಕೆ ಆಗುವುದಿಲ್ಲ, ಅಷ್ಟೇ. ಆ ಆಸ್ಪತ್ರೆಯಲ್ಲಿ ಮಲಗಿಸುವವರು ಇಬ್ಬರಿದ್ದರು. ಇನ್ನೊಬ್ಬರು ಹೊರದೇಶಕ್ಕೆ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ಟೇಬಲ್ಲಿನ ರೋಗಿ ಏಳುವ ಹೊತ್ತಿಗೆ ಪಕ್ಕದ ಟೇಬಲ್ಲಿಗೆ ಇನ್ನೊಬ್ಬರು ಬಂದಿರುತ್ತಿದ್ದರು. ಅವಳು ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು, ಯಂತ್ರದ ಸದ್ದು ಸ್ವಲ್ಪ ಬದಲಾದರೂ ಧಡಕ್ಕನೆ ಏಳುತ್ತಿದ್ದಳು. ಅದನ್ನು ನಿದ್ದೆ ಅನ್ನುವ ಹಾಗಿರಲಿಲ್ಲ. ಎಲ್ಲರಿಗೂ ಹಂಚಿ ಹಂಚಿ ತನಗೆಂದು ಒಂದು ಹಿಡಿಯನ್ನೂ ಅವಳು ಉಳಿಸಿಕೊಂಡಿರಲಿಲ್ಲ.

ಮನೆಯಲ್ಲಿ ಗಂಡನಿದ್ದ, ಮಕ್ಕಳ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವನು. ಒಬ್ಬಳೇ ಮಗಳು. ಹುಟ್ಟಿದಾಗ ಅವಳ ಅಳು ಕೇಳಿ ಗಂಡ, "ಯಾರೋ ಪಿಟೀಲು ಕುಯ್ತಾ ಇದಾರೆ" ಎಂದಿದ್ದ. ಅವತ್ತಿನಿಂದ ಮಗಳು ಪಿಟೀಲು. ಕೆಳಗಿನ ಮನೆಯಲ್ಲಿ ನಿದ್ದೆಯಮ್ಮನ ಅಕ್ಕ. ಅಕ್ಕನಿಗೆ ಮಕ್ಕಳಿಲ್ಲ, ಪಿಟೀಲನ್ನು ಬೆಳೆಸಿದ್ದು ಹೆಚ್ಚಾಗಿ ಅವಳೇ. ರಾತ್ರಿ ಕತೆ ಹೇಳಿ ಮಲಗಿಸುವವಳು ದೊಡ್ಡಮ್ಮ, ಬೆಳಿಗ್ಗೆ ಕಣ್ಣು ಬಿಟ್ಟಾಗ ಎದುರಿಗಿರುವವಳೂ ದೊಡ್ಡಮ್ಮ. ಊರವರ ನಿದ್ದೆಯ ಎರಡು ತುದಿಯನ್ನೂ ಕಾಯುತ್ತಿದ್ದವಳ ಮಗಳ ನಿದ್ದೆಗೆ ಎರಡೂ ತುದಿಯಲ್ಲಿ ಬೇರೆಯವರಿದ್ದರು.

ಒಂದು ಮಧ್ಯಾಹ್ನ ಬಟ್ಟೆ ಬದಲಿಸಿಕೊಂಡು ಓಡಲೆಂದು ನಿದ್ದೆಯಮ್ಮ ಮನೆಗೆ ಬಂದಳು. ಮೆಟ್ಟಿಲು ಹತ್ತುವಾಗ ಅಕ್ಕನ ಮನೆಯ ತೆರೆದ ಬಾಗಿಲಿನಿಂದ ಮಗಳ ದನಿ ಕೇಳಿಸಿತು.

"ದೊಡ್ಡಮ್ಮಾ, ಅಮ್ಮ ಎಲ್ಲಾರ್ಗೂ ನಿದ್ದೆ ಮಾಡಿಸ್ತಾಳಲ್ಲ, ಅವ್ರಿಗೆಲ್ಲ ಕಾಯಿಲೆ ಇರುತ್ತಾ?"

"ಹೂಂ ಮತ್ತೆ. ಕಾಯಿಲೆ ಇಲ್ದೆ ಆಸ್ಪತ್ರೆಗೆ ಯಾಕೆ ಹೋಗ್ತಾರೆ?"

"ನಂಗೆ ಯಾವ ಕಾಯಿಲೆ ಬಂದ್ರೆ ಅಮ್ಮ ನಿದ್ದೆ ಮಾಡಿಸ್ತಾಳೆ?"

ಅಕ್ಕ ಏನೋ ಗದರಿದಳು, "ಬಿಡ್ತು ಅನ್ನು" ಎಂದಳು. ನಿದ್ದೆಯಮ್ಮ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. ಮಗಳು ಅತ್ತು ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅಂಗಡಿಯಲ್ಲಿ ಪೆನ್ಸಿಲ್ ಕೇಳುವ ಹಾಗೆ, ಇದರಲ್ಲಿ ಯಾವುದು ಒಳ್ಳೆಯದು ಎಂಬಂತೆ ಕೇಳಿದ್ದಳಲ್ಲ, ಅದನ್ನು ತಡೆಯಲಾಗಲಿಲ್ಲ.

ಅವತ್ತೇ ಗಂಡನಿಗೆ ಹೇಳಿದಳು, "ಹೋಗೋಣ." ಹೊರದೇಶದ ಒಂದು ಆಸ್ಪತ್ರೆ ಅವಳನ್ನು ಬಹಳ ದಿನದಿಂದ ಕರೆಯುತ್ತಿತ್ತು. ಅಲ್ಲಿ ಪಾಳಿ ಮುಗಿದರೆ ಮುಗಿಯಿತು, ಮನೆಗೆ ಕಳಿಸುತ್ತಾರೆ, ರಜೆಯಲ್ಲಿ ಫೋನ್ ಮಾಡಿದರೆ ಫೋನ್ ಮಾಡಿದವರಿಗೇ ಬೈಗುಳ ಎಂದು ಹೋದವರು ಹೇಳಿದ್ದರು. ಗಂಡ ಕುಂಚ ಒರೆಸುತ್ತ, "ನನ್ನ ಬಣ್ಣದ ಡಬ್ಬಿ ಎಲ್ಲಿಟ್ರೂ ನಡೆಯುತ್ತೆ. ನೀನು ಊಟದ ಹೊತ್ತಿಗೆ ಮನೇಲಿರ್ತೀಯ ಅಂದ್ರೆ ನಾನು ಚಂದ್ರಲೋಕಕ್ಕಾದ್ರೂ ಬರ್ತೀನಿ" ಎಂದ.

ಸುದ್ದಿ ತಿಳಿದು ದೊಡ್ಡ ಡಾಕ್ಟರು ಕೆಂಡವಾದರು. "ಅಲ್ಲಿ ಡಾಕ್ಟ್ರುಗಳು ಗಂಟೆ ನೋಡ್ಕೊಂಡು ಬಾಗಿಲು ಹಾಕ್ತಾರೆ ಕಣಮ್ಮ! ಅದೇನು ಆಸ್ಪತ್ರೆನಾ, ಪೋಸ್ಟಾಫೀಸಾ?"

"ಅದಕ್ಕೇ ಹೋಗ್ತಾ ಇರೋದು ಸಾರ್" ಎಂದಳು.

ಜನವೂ ಬಾಯಿಗೆ ಬಂದದ್ದು ಅಂದರು. ಸೇವೆಗಿಂತ ಸುಖ ಹೆಚ್ಚಾಯಿತು ಅಂದರು. ಹೀಗೆ ಅಂದವರಲ್ಲಿ ಒಬ್ಬರಾದರೂ ಆ ಬೆಂಚಿನ ಮೇಲೆ ಒಂದು ದಿನ ತೂಕಡಿಸಿದ್ದರೆ ಅವರ ಮಾತಿಗೆ ಬೆಲೆ ಕೊಡಬಹುದಿತ್ತು. ಅಕ್ಕ ಮಾತ್ರ ಜನರಂತೆ ಆಡಲಿಲ್ಲ. ಪಿಟೀಲಿನ ಬಟ್ಟೆ ಮಡಿಸುತ್ತ, ಮೂಗು ಒರೆಸಿಕೊಳ್ಳುತ್ತ, ನೇರವಾಗಿ ಹೇಳಿದಳು.

"ಕರ್ಕೊಂಡು ಹೋಗು. ನೀನು ಹೆತ್ತಿದ್ದೀಯ, ನಿನ್ನದೇ. ಆದ್ರೆ ಅಲ್ಲಿ ಹೋಗಿ ನನ್ನ ಕೂಸು ನಿದ್ದೆಗೆಟ್ಟು ಸೊರಗಿದ್ರೆ ನಾನು ಸುಮ್ನಿರಲ್ಲ. ಸ್ಕೂಲಿಗೆ ದೊಡ್ಡ ರಜ ಬರೋವರೆಗೂ ನೋಡ್ತೀನಿ. ಆಗ್ಲೂ ಅವಳಿಗೆ ಅಲ್ಲಿ ಬೇಡ ಅಂದ್ರೆ ನನ್ನ ಹತ್ರ ಬಿಟ್ಬಿಡ್ಬೇಕು. ಹಟ ಮಾಡ್ಕೂಡ್ದು."

ಬಾಗಿಲ ಮರೆಯಲ್ಲಿದ್ದ ಪಿಟೀಲು ಮುಂದೆ ಬಂದು ಕೈ ಚಾಚಿತು. "ರಜ ಬಂದಾಗ ನಾನೇ ಹೇಳ್ತೀನಿ, ಇರ್ತೀನೋ ಬರ್ತೀನೋ ಅಂತ. ಪ್ರಾಮಿಸ್ ಮಾಡು." ನಿದ್ದೆಯಮ್ಮ ಆ ಪುಟ್ಟ ಅಂಗೈ ಮೇಲೆ ಕೈ ಇಟ್ಟಳು. ರಜೆ ಬರುವುದರೊಳಗೆ ಮಗಳು ತನ್ನವಳಾಗದಿದ್ದರೆ ಇನ್ನು ಎಂದೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹೊಸ ಊರಿನ ಸಂಜೆಗಳು ಬಹಳ ಉದ್ದ. ಊಟವಾಗಿ, ಪಾತ್ರೆ ತೊಳೆದಿಟ್ಟು, ಮಗಳ ಹಲ್ಲುಜ್ಜಿಸಿದ ಮೇಲೂ ಕಿಟಕಿಯಾಚೆ ಬೆಳಕು ಹೋಗುತ್ತಲೇ ಇರಲಿಲ್ಲ. ಮನೆಗೆ ಹೋಗಲು ಮನಸ್ಸಿಲ್ಲದ ನೆಂಟರಂತೆ ಅದು ಗೋಡೆಯ ಮೇಲೆ, ಕುರ್ಚಿಯ ತೋಳಿನ ಮೇಲೆ, ಪಿಟೀಲಿನ ಹೊದಿಕೆಯ ಮೇಲೆ ಕೂತೇ ಇರುತ್ತಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಒಗೆದು ಹಾಕಿದ ಬಿಳಿ ಹಾಸಿಗೆಬಟ್ಟೆಗಳು ಗಾಳಿಗೆ ತುಂಬಿಕೊಳ್ಳುತ್ತಿದ್ದವು, ಖಾಲಿಯಾಗುತ್ತಿದ್ದವು. ಎಲ್ಲಿಯೂ ಯಾರೂ ಅವಳನ್ನು ಕೂಗುತ್ತಿರಲಿಲ್ಲ. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಇದು ತನ್ನದೇ ಬದುಕೋ, ಯಾರದೋ ಕನಸಿನೊಳಗೆ ತಪ್ಪಿ ಬಂದಿದ್ದೇನೋ ಎಂದು ನಿದ್ದೆಯಮ್ಮನಿಗೆ ಗೊಂದಲವಾಗುತ್ತಿತ್ತು.

ಮಗಳ ಮಂಚದ ಪಕ್ಕ ಕೂತು ಮಲಗಿಸಲು ಶುರು ಮಾಡಿದಳು. ಅಲ್ಲಿಂದ ಶುರುವಾಯಿತು ನೋಡಿ ಪಜೀತಿ.

ತನ್ನ ಆಸ್ಪತ್ರೆಯ ಕತೆಯನ್ನೇ ಹೇಳಿದಳು, ಎಲ್ಲಿಗೆ ಹೋಗಬೇಕೆಂದು ಕೇಳಿ ಮಲಗಿಸುವುದು, ಕಣ್ಣು ಬಿಟ್ಟಾಗ ಅರ್ಧಕ್ಕೆ ನಿಂತ ಮಾತನ್ನೇ ಕೇಳುವುದು. ಪಿಟೀಲು ಕೇಳಿತು. ಕಣ್ಣು ಮುಚ್ಚಿತು. ಉಸಿರು ನಿಧಾನವಾಯಿತು. ಇನ್ನು ಎದ್ದು ಹೋಗಬಹುದು ಅನ್ನುವಾಗ ನಿದ್ದೆಯಮ್ಮನ ಬೆರಳು ತನ್ನಷ್ಟಕ್ಕೆ ಮುಂದೆ ಹೋಗಿ ಮಗುವಿನ ರೆಪ್ಪೆಗೂದಲನ್ನು ಸವರಿತು. ಎಷ್ಟು ವರ್ಷದ ಅಭ್ಯಾಸ! ಔಷಧಿ ಕೊಟ್ಟವರ ರೆಪ್ಪೆಯಾದರೆ ಅಲುಗುವುದಿಲ್ಲ, ಕತೆ ಕೇಳಿ ಮಲಗಿದ ಮಗು ಸುಮ್ಮನಿರುತ್ತದೆಯೇ? ಪಿಟೀಲು ಪಟಕ್ಕನೆ ಕಣ್ಣು ಬಿಟ್ಟು ರಾಗ ತೆಗೆಯಿತು. ಮತ್ತೆ ಕತೆ, ಮತ್ತೆ ನಿದ್ದೆ, ಮತ್ತೆ ಬೆರಳು. ಇನ್ನೊಂದು ದಿನ ಬೆರಳನ್ನು ಹೇಗೋ ತಡೆದಳು, ಮಗು ಸಣ್ಣಗೆ ಗೊರಕೆ ಹೊಡೆಯಿತು, ಗೊರಕೆ ಕೇಳಿದ ಕೂಡಲೇ ಕೈ ಹೋಗಿ ಗದ್ದ ಎತ್ತಿ ಹಿಡಿಯಿತು. ಥಿಯೇಟರಿನಲ್ಲಿ ಉಸಿರಿನ ದಾರಿ ಬಿಡಿಸುವುದೇ ಹಾಗೆ. "ನನ್ನ ಗದ್ದ ಯಾಕೆ ಕೀಳ್ತಾ ಇದ್ದೀಯಾ?" ಎಂದು ಪಿಟೀಲು ಎದ್ದು ಕೂತು ಕೂಗಿದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಗಂಡ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಬಣ್ಣದ ಕೈಯಿಂದಲೇ ಬಾಯಿ ಮುಚ್ಚಿಕೊಂಡ, ಮೀಸೆಯೆಲ್ಲ ಹಸಿರಾಯಿತು.

ನಗುವ ಸಂಗತಿಯೇ ಹೌದು. ಆದರೆ ದಿನವೂ ನಡೆದರೆ ನಗು ಬರುವುದಿಲ್ಲ. "ಅಮ್ಮ ಬೇಡ, ಅವಳು ಮುಟ್ಟಿ ಮುಟ್ಟಿ ಎಬ್ಬಿಸ್ತಾಳೆ" ಎಂದು ಪಿಟೀಲು ಅಪ್ಪನ ಕೋಣೆಗೆ ದಿಂಬು ಹೊತ್ತುಕೊಂಡು ಹೋಗತೊಡಗಿತು. ಫೋನಿನಲ್ಲಿ ದೊಡ್ಡಮ್ಮನ ಕತೆ ಕೇಳಿದರೇ ಅದಕ್ಕೆ ನಿದ್ದೆ.

"ಏನೇ ಇದು?" ಎಂದು ಅಕ್ಕ ಕೇಳಿದಳು ಫೋನಿನಲ್ಲಿ. "ಊರಿಗೆ ಊರನ್ನೇ ಮಲಗಿಸಿದೋಳಿಗೆ ಒಂದು ಚೋಟುದ್ದದ ಮಗು ಬಗ್ತಾ ಇಲ್ವಾ?"

"ಸೂಜಿ ಇಲ್ದೆ ನಂಗೆ ಕೆಲ್ಸ ಬರಲ್ಲ ಕಣೇ ಅಕ್ಕ" ಎಂದು ನಿದ್ದೆಯಮ್ಮ ನಕ್ಕಳು. ಫೋನ್ ಇಟ್ಟ ಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಇಷ್ಟು ದೂರ ಬಂದದ್ದು ಯಾವುದಕ್ಕಾಗಿಯೋ ಅದೇ ಕೈಗೆ ಹತ್ತುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ಬಗೆ. ಅಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಬದಲಿ ಡಾಕ್ಟರು ಬಂದು ನಿಲ್ಲುತ್ತಿದ್ದರು. ಮಲಗಿದ ರೋಗಿಯನ್ನು ಅವರ ಕೈಗೆ ಒಪ್ಪಿಸಿ, ರಕ್ತದೊತ್ತಡ ಇಷ್ಟು, ಔಷಧಿ ಇಷ್ಟು ಎಂದು ಹೇಳಿ, ಕೈ ತೊಳೆದು ಹೊರಡಬೇಕು. ನಿದ್ದೆಯಮ್ಮ ಹೊರಟಂತೆ ಮಾಡಿ ಎಚ್ಚರವಾಗುವವರನ್ನು ಇಡುವ ಕೋಣೆಯ ಹಿಂದೆ, ಹೊದಿಕೆಗಳನ್ನು ಜೋಡಿಸಿಟ್ಟ ಕಪಾಟಿನ ಮಗ್ಗುಲಲ್ಲಿ ಕಾಯುತ್ತ ನಿಲ್ಲುತ್ತಿದ್ದಳು. ಅವಳ ಪ್ರಶ್ನೆ ಅಲ್ಲಿಯೂ ಬದಲಾಗಿರಲಿಲ್ಲ. ಆ ಜನದ ಭಾಷೆಯಲ್ಲಿ ಅದೊಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕಲಿತಿದ್ದಳು. ಅಲ್ಲಿಯ ಮಾತುಗಳೂ ಅರ್ಧಕ್ಕೇ ನಿಲ್ಲುತ್ತಿದ್ದವು. ಅವನ್ನು ಬಿಟ್ಟು ಬಸ್ಸು ಹತ್ತಿದರೆ ಬಸ್ಸಿನಲ್ಲಿ ಅವೂ ಬಂದು ಪಕ್ಕದಲ್ಲಿ ಕೂರುತ್ತಿದ್ದವು. ಮಗಳಿಗೆ ಕತೆ ಹೇಳುವಾಗಲೂ ತಲೆಯೊಳಗೆ ಯಾರದೋ ನದಿ, ಯಾರದೋ ತಂಗಿ, ಯಾರೋ ತೆರೆಯಲು ಹೊರಟಿದ್ದ ಒಂದು ನೀಲಿ ಬಾಗಿಲು. ಕತೆ ಅಲ್ಲಲ್ಲಿ ತಪ್ಪುತ್ತಿತ್ತು. ಪಿಟೀಲು ಮುಖ ಊದಿಸಿ, "ನೀನು ಇಲ್ಲಿಲ್ಲ" ಎನ್ನುತ್ತಿತ್ತು. ಅದು ನಿಜವಾಗಿತ್ತು.

ದೊಡ್ಡ ರಜೆ ಶುರುವಾಗುವ ಹಿಂದಿನ ದಿನ ಒಬ್ಬ ಬೇಕರಿಯವನ ಆಪರೇಷನ್ ಇತ್ತು. ದಪ್ಪ ಮನುಷ್ಯ, ವಯಸ್ಸಾದವನು. ಹೆಂಡತಿ ಹೋಗಿ ಬಹಳ ಕಾಲವಾಗಿದೆ ಎಂದು ಮೊದಲೇ ಹೇಳಿದ್ದ. ಎಲ್ಲಿಗೆ ಹೋಗಬೇಕು ಎಂದಾಗ, "ಅಂಗಡಿ ಮೆಟ್ಟಿಲಿಗೆ" ಎಂದ. ಅವರ ಭಾಷೆ ಬೇರೆ, ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ. "ಬಾಗಿಲು ತೆಗೆಯೋಕೆ ಮುಂಚೆ ನಾವಿಬ್ರೂ ಮೆಟ್ಟಿಲ ಮೇಲೆ ಕೂರ್ತಿದ್ವಿ. ಬೀದೀಲಿ ಇನ್ನೂ ಯಾರೂ ಇರ್ತಿರ್ಲಿಲ್ಲ. ಆಗ ಅವಳು ನನ್ನ ಕಿವೀಲಿ..." ರೆಪ್ಪೆ ಅಲುಗಲಿಲ್ಲ.

ಆಪರೇಷನ್ ಎಣಿಸಿದ್ದಕ್ಕಿಂತ ತಡವಾಯಿತು. ಪಾಳಿ ಮುಗಿಯಿತು, ಬದಲಿ ಡಾಕ್ಟರು ಬಂದರು. ನಿದ್ದೆಯಮ್ಮ ಎಂದಿನಂತೆ ಕಪಾಟಿನ ಮಗ್ಗುಲಿಗೆ ಹೋಗಿ ನಿಂತಳು. ಆ ಥಿಯೇಟರಿನ ಹಿರಿಯ ನರ್ಸು ಹೊದಿಕೆ ತೆಗೆಯಲು ಬಂದವಳು ಬೆಚ್ಚಿಬಿದ್ದಳು. ಮನೆಗೆ ಹೋಗದ ಡಾಕ್ಟರುಗಳನ್ನು ಹುಡುಕಿ ಹುಡುಕಿ ಅಟ್ಟುವುದರಲ್ಲಿ ಅವಳದು ಎತ್ತಿದ ಕೈ.

"ಇಲ್ಲೇನ್ ಮಾಡ್ತಾ ಇದ್ದೀರಿ ಡಾಕ್ಟ್ರೇ? ಕಣ್ಣಾಮುಚ್ಚಾಲೆನಾ?"

ನಿದ್ದೆಯಮ್ಮನಿಗೆ ಸುಳ್ಳು ಹೊಳೆಯಲಿಲ್ಲ. "ಅವರ ಮಾತು ಅರ್ಧಕ್ಕೆ ನಿಂತಿದೆ" ಎಂದಳು. ಆಮೇಲೆ ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದನ್ನು ತೊದಲು ಭಾಷೆಯಲ್ಲಿ ಪೂರ್ತಿ ಹೇಳಿದಳು, ಲಾರಿ ಡ್ರೈವರನ ಚಪ್ಪಲಿಯನ್ನೂ ಸೇರಿಸಿ. ಹಿರಿಯ ನರ್ಸು ನಗಲಿಲ್ಲ. ಕೈಯಲ್ಲಿದ್ದ ಹೊದಿಕೆಯನ್ನು ಮಡಿಸುತ್ತ ಬಿಚ್ಚುತ್ತ ಕೇಳಿದಳು.

"ಸರಿ. ರಕ್ತದೊತ್ತಡ ಒಪ್ಪಿಸಿ ಹೋಗ್ತೀರಲ್ಲ, ಇದನ್ಯಾಕೆ ಒಪ್ಪಿಸಲ್ಲ?"

"ಯಾರಿಗೆ?"

"ನಂಗೆ ಕಿವಿ ಇಲ್ವಾ? ಹೇಳಿ, ಎಲ್ಲಿಗೆ ನಿಂತಿದೆ?"

ನಿದ್ದೆಯಮ್ಮ ಹಸುಗೂಸನ್ನು ಇನ್ನೊಬ್ಬರ ಕೈಗೆ ಕೊಡುವ ಹಾಗೆ, ಕೊಟ್ಟೂ ಕೈ ಬಿಡದ ಹಾಗೆ, ಆ ಮಾತನ್ನು ನಿಧಾನವಾಗಿ ಒಪ್ಪಿಸಿದಳು. "ಆಗ ಅವಳು ನನ್ನ ಕಿವೀಲಿ. ಅಲ್ಲಿಗೆ ನಿಂತಿದೆ. ಅವ್ರು ಕಣ್ಣು ಬಿಟ್ಟ ಕೂಡ್ಲೇ ಕೇಳ್ಬೇಕು. ಮರೆತಿದ್ರೆ ಬಲವಂತ ಮಾಡ್ಬಾರ್ದು."

"ಗೊತ್ತಾಯ್ತು. ಈಗ ನಡೀರಿ ಮನೆಗೆ. ಮಗಳಿದಾಳೆ ಅಂದಿದ್ರಿ."

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇತ್ತು. ಅದು ಬರೀ ಖಾಲಿ ಸೀಟು ಎಂಬುದೇ ಅವಳಿಗೆ ವಿಚಿತ್ರವಾಗಿ ಕಂಡಿತು.

ಮನೆಯಲ್ಲಿ ಪಿಟೀಲು ಆಗಲೇ ತನ್ನ ಚೀಲ ತುಂಬಿಸಿಟ್ಟಿತ್ತು. ಎರಡು ಫ್ರಾಕು, ಹಲ್ಲುಜ್ಜುವ ಬ್ರಷ್ಷು, ಅಪ್ಪ ಬರೆದುಕೊಟ್ಟ ಆನೆ. ಗಂಡ ಕಣ್ಣಿನಲ್ಲೇ, "ಏನೂ ಕೇಳಬೇಡ" ಎಂದ. ನಾಳೆ ಬೆಳಿಗ್ಗೆ ದೊಡ್ಡಮ್ಮ ಫೋನ್ ಮಾಡುವವಳಿದ್ದಳು, ಮಗಳು ಇರುತ್ತಾಳೋ ಬರುತ್ತಾಳೋ ಎಂದು ಅವಳ ಬಾಯಿಂದಲೇ ಕೇಳಲು. ನಿದ್ದೆಯಮ್ಮ ಚೀಲವನ್ನು ನೋಡಿ ನೋಡದ ಹಾಗೆ ಊಟ ಮಾಡಿದಳು.

ಮಲಗುವ ಹೊತ್ತಿಗೆ ಅಪ್ಪನ ಕೋಣೆಗೆ ಹೊರಟಿದ್ದ ಪಿಟೀಲು ಬಾಗಿಲಲ್ಲಿ ನಿಂತು ತಿರುಗಿ ನೋಡಿತು. ಅಮ್ಮ ಅದರ ಮಂಚದ ಪಕ್ಕದ ಕುರ್ಚಿಯಲ್ಲಿ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಳು.

"ಹಂಗ್ಯಾಕೆ ಕೂತಿದ್ದೀಯಾ?"

"ಕೈ ಹೋಗ್ಬಿಡುತ್ತಲ್ಲ ಪುಟ್ಟಾ. ಅದಕ್ಕೆ."

ಪಿಟೀಲು ದಿಂಬನ್ನು ಮಂಚದ ಮೇಲೆ ಎಸೆಯಿತು. "ನೀನು ಮಲಕ್ಕೋ" ಎಂದಿತು. "ಇವತ್ತು ನಾನು ಡಾಕ್ಟ್ರು."

ಮಂಚ ಚಿಕ್ಕದು. ನಿದ್ದೆಯಮ್ಮ ಮೊಣಕಾಲು ಮಡಿಸಿ ಮಲಗಿದಳು. ಪಿಟೀಲು ಕುರ್ಚಿಯನ್ನು ಎಳೆದು ತಲೆಯ ಹತ್ತಿರ ಹಾಕಿಕೊಂಡು ಕೂತಿತು, ಥೇಟ್ ಅಮ್ಮನ ಹಾಗೆ. ಅಮ್ಮನ ಮುಂಗೈಗೆ ಬೆರಳಿನಿಂದ ಚುಚ್ಚಿತು. ಬಾಗಿ, ದನಿ ಇಳಿಸಿ ಕೇಳಿತು: "ಈಗ ನಿಮಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ?"

ಅಷ್ಟು ಜನರನ್ನು ಕೇಳಿದ್ದಳು. ತಿರುಗಿ ಅವಳನ್ನು ಒಬ್ಬರೂ ಕೇಳಿರಲಿಲ್ಲ. ನಿದ್ದೆಯಮ್ಮ ಮಗಳ ಕಡೆ ಹೊರಳಿದಳು. ಬೆಳಕು ಇನ್ನೂ ಗೋಡೆಯ ಮೇಲಿತ್ತು. ಎದುರು ಬಾಲ್ಕನಿಯ ಬಿಳಿ ಬಟ್ಟೆಗಳು ಉಸಿರಾಡುತ್ತಿದ್ದವು. ಮಗಳ ಬಾಯಿಂದ ಹಾಲಿನ ವಾಸನೆ ಬರುತ್ತಿತ್ತು.

"ಒಂದು ಹುಲ್ಲುಗಾವಲು" ಎಂದಳು. "ಎಲ್ಲೀದೋ ಗೊತ್ತಿಲ್ಲ. ನೀನು ಮುಂದೆ ಮುಂದೆ ಓಡ್ತಾ ಇದ್ದೀಯಾ. ನನ್ನ ಕಾಲು ಭಾರ, ನಂಗೆ ಓಡಕ್ಕಾಗ್ತಾ ಇಲ್ಲ. ಕೂಗ್ತೀನಿ. ನಿಂಗೆ ಕೇಳ್ಸಲ್ಲ. ಇನ್ನೊಂದ್ಸಲ ಕೂಗ್ತೀನಿ. ಆಗ ನೀನು ತಿರುಗಿ ನೋಡಿ..."

ಹುಲ್ಲು ಅವಳ ಸೊಂಟದವರೆಗೆ ಬೆಳೆದಿತ್ತು. ಅದರೊಳಗೆ ಕಾಲಿಟ್ಟರೆ ಭಾರವೆಲ್ಲ ಕೆಳಗಿನಿಂದ ಸೋರಿ ಹೋಗುತ್ತಿತ್ತು. ಒಂದು ಬಾವಿಯ ನೀರಿನ ಮೇಲೆ ಹೊಸ ಚಪ್ಪಲಿಗಳು ದೋಣಿಯಂತೆ ತೇಲುತ್ತಿದ್ದವು. ನೀಲಿ ಬಾಗಿಲೊಂದು ಗೋಡೆಯಿಲ್ಲದೆ ನಿಂತಿತ್ತು, ತೆರೆದೇ ಇತ್ತು. ಅದರಾಚೆ ಅಂಗಡಿ ಮೆಟ್ಟಿಲ ಮೇಲೆ ಬಿಳಿ ಕೂದಲಿನ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ಅವಳನ್ನು ಕಂಡು ಕೈ ಎತ್ತಿದರು. ಅವಳು ಮಲಗಿಸಿದವರೆಲ್ಲ ಅಲ್ಲಿದ್ದರು. ಯಾರೂ ಯಾವ ಮಾತನ್ನೂ ಕೇಳಲಿಲ್ಲ. ದಾರಿ ಬಿಟ್ಟರು ಅಷ್ಟೇ. ಬಹಳ ದೂರದಲ್ಲಿ ಯಾರೋ ಅವಳ ರೆಪ್ಪೆಗೂದಲನ್ನು ಬೆರಳಿನಿಂದ ಸವರಿದರು. ಆಮೇಲೆ ಒಂದು ಪುಟ್ಟ ದನಿ, "ಶ್! ಅಪ್ಪಾ, ಹೋದ್ಲು" ಎಂದಿತು. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಎಚ್ಚರವಾದಾಗ ಬೆಳಕು ಕೋಣೆಯ ಇನ್ನೊಂದು ಗೋಡೆಗೆ ಹೋಗಿತ್ತು. ಬೆಳಗಾಗಿದೆ, ಬಿಸಿಲು ಏರಿದೆ ಎಂದು ತಿಳಿಯಲು ನಿದ್ದೆಯಮ್ಮನಿಗೆ ಸ್ವಲ್ಪ ಹೊತ್ತೇ ಬೇಕಾಯಿತು. ಕುತ್ತಿಗೆ ಉಳುಕಿತ್ತು. ಅಷ್ಟು ನಿದ್ದೆ ಮಾಡಿದ್ದು ಯಾವ ಕಾಲದಲ್ಲೋ. ತಲೆಯ ಬಳಿಯ ಕುರ್ಚಿಯಲ್ಲಿ ಕೆದರಿದ ಕೂದಲಿನ ಪಿಟೀಲು ಕೂತಿತ್ತು. ಎರಡು ಕೈಯೂ ತೊಡೆಯ ಕೆಳಗಿದ್ದವು.

"ಎದ್ದಾಗಿಂದ ಇಲ್ಲೇ ಕೂತಿದಾಳೆ" ಎಂದ ಗಂಡ ಬಾಗಿಲಿನಿಂದ. "ಹಾಲು ಕುಡಿ ಅಂದ್ರೂ ಜಪ್ಪಯ್ಯ ಅನ್ಲಿಲ್ಲ. ಪೇಷಂಟು ಕಣ್ಣು ಬಿಡುವಾಗ ಡಾಕ್ಟ್ರು ಇರ್ಲೇಬೇಕಂತೆ. ಆಮೇಲೆ, ಆಸ್ಪತ್ರೆಯಿಂದ ಯಾರೋ ಫೋನ್ ಮಾಡಿದ್ರು. ಕಿವೀಲಿ ಹಿಟ್ಟು ಮೆತ್ಕೊಂಡಿತ್ತಂತೆ, ಅವಳು ಒರೆಸ್ತಾ ಇದ್ಲಂತೆ, ಅಷ್ಟು ಹೇಳಿದ್ರೆ ನಿಂಗೆ ಗೊತ್ತಾಗುತ್ತೆ ಅಂದ್ರು. ಏನೇ ಅದು?"

ನಿದ್ದೆಯಮ್ಮ ಉತ್ತರ ಕೊಡುವಷ್ಟರಲ್ಲಿ ಪಿಟೀಲು ಮುಂದೆ ಬಾಗಿತು. ಮುಖ ಬಹಳ ಗಂಭೀರವಾಗಿತ್ತು.

"ನಾನು ತಿರುಗಿ ನೋಡಿ? ಆಮೇಲೆ ಏನು ಮಾಡ್ದೆ?"

ನಿದ್ದೆಯಮ್ಮ ಮಗಳ ಮುಖವನ್ನೇ ನೋಡಿದಳು. ನೆನಪಿಗಾಗಿ ಒಳಗೆಲ್ಲ ತಡಕಾಡಿದಳು. ಹುಲ್ಲಿತ್ತು, ಗಾಳಿಯಿತ್ತು, ಓಡುವ ಪುಟ್ಟ ಬೆನ್ನಿತ್ತು. ಮುಂದಿನದು ಸಿಗಲಿಲ್ಲ. ಕಣ್ಣು ತುಂಬಿಕೊಂಡು ಬಂದು ಹರಿದೇ ಹೋಯಿತು, ಒರೆಸಿಕೊಳ್ಳಲೂ ಇಲ್ಲ. "ಮರ್ತೋಯ್ತು ಕಂದಾ" ಎಂದಳು.

"ಪರ್ವಾಗಿಲ್ಲ" ಎಂದಿತು ಪಿಟೀಲು. "ಮರೆತಿದ್ರೆ ಬಲವಂತ ಮಾಡ್ಬಾರ್ದು ಅಂತ ನೀನೇ ನಿದ್ದೇಲಿ ಹೇಳ್ತಾ ಇದ್ದೆ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ದೊಡ್ಡಮ್ಮ. ಬಾಗಿಲ ಪಕ್ಕದಲ್ಲಿ ತುಂಬಿಸಿಟ್ಟ ಚೀಲ ಹಾಗೇ ಇತ್ತು. ಗಂಡ ಫೋನನ್ನು ತಂದು ಮಗಳ ಕೈಗೆ ಕೊಟ್ಟ, ಮಾತಿನಂತೆ ನಡೆಯಬೇಕಲ್ಲ.

"ಏನಂತೀಯಾ ನನ್ನ ಬಂಗಾರ?" ಅಕ್ಕನ ದನಿ ಕೋಣೆಗೆಲ್ಲ ಕೇಳಿಸಿತು. "ಬರ್ತೀಯಾ ದೊಡ್ಡಮ್ಮನ ಹತ್ರ?"

ಪಿಟೀಲು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯನ್ನು ಅಮ್ಮನ ಮುಂಗೈ ಮೇಲೆ, ಚುಚ್ಚಿದ ಜಾಗದ ಮೇಲೆ ಇಟ್ಟಿತು.

"ಈಗ ಬರಕ್ಕಾಗಲ್ಲ ದೊಡ್ಡಮ್ಮ" ಎಂದಿತು. "ಅಮ್ಮನ ಮಾತು ಅರ್ಧಕ್ಕೆ ನಿಂತಿದೆ."

ಅಕ್ಕ ಮೂಗು ಒರೆಸಿಕೊಂಡ ಸದ್ದು ಬಂತು. "ಹಾಗಾದ್ರೆ ಹಾಲು ಕುಡಿ ಹೋಗು" ಎಂದಳು. ಪಿಟೀಲು ಫೋನನ್ನು ಅಪ್ಪನಿಗೆ ಕೊಟ್ಟು, ಹಾಲಿನ ಲೋಟವನ್ನು ಆ ಕುರ್ಚಿಗೇ ತರಿಸಿಕೊಂಡು ಕುಡಿಯಿತು.